ಊಟವಾಗಿ ಎಷ್ಟು ಹೊತ್ತಿಗೆ? ಹೊಟ್ಟೆಯ ನರ, ಹಾರ್ಮೋನುಗಳಲ್ಲಿ ದೋಷ ಹುಡುಕುವ ಕೈಪಿಡಿ

ಎಂಡೋಸ್ಕೋಪಿ ನಾರ್ಮಲ್. ಸ್ಕ್ಯಾನ್ ನಾರ್ಮಲ್. ರಕ್ತ ಪರೀಕ್ಷೆಯಲ್ಲೂ ಏನೂ ಇಲ್ಲ. ಹೊಟ್ಟೆ ಮಾತ್ರ ಸರಿಯಿಲ್ಲ. ಇಂಥವರು ನಮ್ಮ ಸುತ್ತಮುತ್ತ ಬೇಕಾದಷ್ಟು ಜನ ಇದ್ದಾರೆ. ಎಲ್ಲ ತೊಂದರೆಗೂ ‘ಗ್ಯಾಸ್ಟ್ರಿಕ್’ ಅಂತ ಒಂದೇ ಹೆಸರಿಟ್ಟು, ಬೆಳಿಗ್ಗೆ ಒಂದು ಕ್ಯಾಪ್ಸೂಲ್ ನುಂಗಿ ವರ್ಷಗಟ್ಟಲೆ ಕಾಲ ಹಾಕುತ್ತಾರೆ.

ಎಂಡೋಸ್ಕೋಪಿಯಲ್ಲಿ ಕಾಣುವುದು ಗೋಡೆ. ಅಲ್ಲಿ ಹುಣ್ಣು, ಗೆಡ್ಡೆ, ಊತ ಇದ್ದರೆ ಗೊತ್ತಾಗುತ್ತದೆ. ಆ ಗೋಡೆ ಯಾವಾಗ ಹಿಂಡಬೇಕು, ಯಾವಾಗ ಸಡಿಲವಾಗಬೇಕು, ರಸ ಯಾವಾಗ ಸುರಿಯಬೇಕು ಅಂತ ಹೇಳುವುದು ನರಗಳು ಮತ್ತು ಹಾರ್ಮೋನುಗಳು. ಅಲ್ಲಿ ಎಡವಟ್ಟಾದರೆ ಕ್ಯಾಮೆರಾಗೆ ಕಾಣುವುದಿಲ್ಲ. ಹಾಗಾದರೆ ಹುಡುಕುವುದು ಹೇಗೆ? ಮನೆಯಲ್ಲಿರುವ ಗಡಿಯಾರದಿಂದ. ಈ ಸಂಕೇತಗಳಲ್ಲಿ ಪ್ರತಿಯೊಂದಕ್ಕೂ ಅದರದೇ ಹೊತ್ತಿದೆ. ಏನು ತಿಂದಿರಿ ಅನ್ನುವುದಕ್ಕಿಂತ, ತಿಂದು ಎಷ್ಟು ಹೊತ್ತಿಗೆ ತೊಂದರೆ ಶುರುವಾಯಿತು ಅನ್ನುವುದೇ ಎಷ್ಟೋ ಸಲ ಹೆಚ್ಚು ಹೇಳುತ್ತದೆ.

ಮೊದಲು ಇದು: ಗಡಿಯಾರ ನೋಡುತ್ತಾ ಕೂರಬಾರದ ಸಂದರ್ಭಗಳು

ಎದೆಯ ಮಧ್ಯೆ ಅಥವಾ ಹೊಟ್ಟೆಯ ಮೇಲ್ಭಾಗದಲ್ಲಿ ಹಿಂಡಿದಂತಾಗಿ, ಬೆವರು, ಉಸಿರಾಟದ ಕಷ್ಟ, ಕೈಗೋ ದವಡೆಗೋ ಹರಡುವ ನೋವು ಇದ್ದರೆ ಅದನ್ನು ಗ್ಯಾಸ್ ಅಂದುಕೊಂಡು ಸೋಡಾ ಕುಡಿಯಬೇಡಿ. 108ಕ್ಕೆ ಫೋನ್ ಮಾಡಿ. ಶುಗರ್ ಇರುವವರಲ್ಲಿ ಹೃದಯಾಘಾತ ಬರೀ ಸಂಕಟ, ಸುಸ್ತಾಗಿಯೂ ಕಾಣಿಸಬಹುದು.

ಟಾರಿನಂತೆ ಕಪ್ಪು ಮಲ, ರಕ್ತವಾಂತಿ, ಕಾಮಾಲೆ, ಕಾರಣವಿಲ್ಲದೆ ತೂಕ ಇಳಿಯುವುದು, ನುಂಗುವುದು ದಿನೇದಿನೇ ಕಷ್ಟವಾಗುವುದು, ರಕ್ತಹೀನತೆ, ಜ್ವರದ ಜೊತೆ ಹೊಟ್ಟೆನೋವು: ಇವುಗಳಲ್ಲಿ ಒಂದಿದ್ದರೂ ಈ ಕೈಪಿಡಿ ಸಾಲದು, ಡಾಕ್ಟರ್ ಬೇಕು. 50 ದಾಟಿದ ಮೇಲೆ ಹೊಸದಾಗಿ ಶುರುವಾದ ಹೊಟ್ಟೆ ತೊಂದರೆಗೂ ಇದೇ ಮಾತು.

ಇನ್ನೊಂದು ಸುಳಿವು ಬಹಳ ಜನಕ್ಕೆ ಗೊತ್ತಿಲ್ಲ. ಬರೀ ನಿಯಂತ್ರಣದ ಏರುಪೇರಿನಿಂದ ಬರುವ ಬೇಧಿ ಸಾಮಾನ್ಯವಾಗಿ ನಿದ್ದೆಯಿಂದ ಎಬ್ಬಿಸುವುದಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಓಡಬೇಕಾಗುತ್ತಿದೆ ಅಂದರೆ ಬೇರೆ ಕಾರಣ ಹುಡುಕಲೇಬೇಕು.

ನಡೆಸುವುದು ಯಾರು?

ಮೊದಲನೆಯದು ಕರುಳಿನ ಸ್ವಂತ ನರಜಾಲ. ಅನ್ನನಾಳದಿಂದ ಗುದದ್ವಾರದವರೆಗೆ ಗೋಡೆಯೊಳಗೆ ಎರಡು ಪದರವಾಗಿ ಹಬ್ಬಿದೆ. ಸ್ನಾಯುಗಳ ನಡುವೆ ಇರುವ ಔರ್‌ಬಾಕ್ ಜಾಲ ಚಲನೆಯನ್ನು ನೋಡಿಕೊಳ್ಳುತ್ತದೆ. ಒಳಪೊರೆಯ ಕೆಳಗಿರುವ ಮೈಸ್ನರ್ ಜಾಲ ರಸ ಸುರಿಸುವ ಕೆಲಸವನ್ನು, ರಕ್ತದ ಹರಿವನ್ನು ನೋಡಿಕೊಳ್ಳುತ್ತದೆ. ಎರಡೂ ಸೇರಿ 10 ಕೋಟಿಗೂ ಹೆಚ್ಚು ನರಕೋಶಗಳು. ಮೆದುಳಿನ ಸಂಪರ್ಕ ಕಡಿದರೂ ಕರುಳು ತನ್ನಷ್ಟಕ್ಕೆ ತಾನೇ ಆಹಾರವನ್ನು ಮುಂದಕ್ಕೆ ತಳ್ಳುತ್ತದೆ.

ಎರಡನೆಯದು ಮೆದುಳಿಗೆ ಹೋಗಿ ಬರುವ ನರಗಳು. ಮುಖ್ಯವಾದದ್ದು ವೇಗಸ್, ಮೆದುಳಿನಿಂದ ಹೊರಡುವ 12 ಜೊತೆ ನರಗಳಲ್ಲಿ ಹತ್ತನೆಯದು. ಅದರ ಎಳೆಗಳಲ್ಲಿ ಶೇ 80ರಷ್ಟು ಕೆಳಗಿನಿಂದ ಮೇಲಕ್ಕೆ ಸುದ್ದಿ ಒಯ್ಯುವಂಥವು. ಅಂದರೆ ಮೆದುಳು ಹೊಟ್ಟೆಗೆ ಹೇಳುವುದಕ್ಕಿಂತ ಹೊಟ್ಟೆ ಮೆದುಳಿಗೆ ಹೇಳುವುದೇ ಜಾಸ್ತಿ. ಇನ್ನು ಗಾಬರಿಯಾದಾಗ ಕೆಲಸ ಮಾಡುವ ಸಿಂಪಥೆಟಿಕ್ ನರಗಳು ಬೇರೆ. ಭಯದಲ್ಲಿ ಜಠರ ನಿಧಾನವಾಗುತ್ತದೆ, ದೊಡ್ಡಕರುಳು ಚುರುಕಾಗುತ್ತದೆ. ಪರೀಕ್ಷೆಯ ದಿನ ತಿಂಡಿ ಸೇರುವುದಿಲ್ಲ, ಟಾಯ್ಲೆಟ್‌ಗೆ ಮಾತ್ರ ಮತ್ತೆ ಮತ್ತೆ ಹೋಗಬೇಕು. ಎರಡಕ್ಕೂ ಕಾರಣ ಒಂದೇ ಗಾಬರಿ.

ಮೂರನೆಯದು ಹಾರ್ಮೋನು. ಇದು ಗೊತ್ತಾದ ಕಥೆ ಚೆನ್ನಾಗಿದೆ. ರಷ್ಯಾದ ಇವಾನ್ ಪಾವ್ಲೊವ್ ಜೀರ್ಣರಸ ಸುರಿಯುವುದನ್ನು ನರಗಳ ಮೂಲಕವೇ ವಿವರಿಸಿದ್ದರು. ಆ ಕೆಲಸಕ್ಕೆ 1904ರಲ್ಲಿ ಅವರಿಗೆ ನೊಬೆಲ್ ಕೂಡ ಬಂತು. ಅದಕ್ಕೆ ಎರಡು ವರ್ಷ ಮುಂಚೆ, 1902ರಲ್ಲಿ, ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಒಂದು ನಾಯಿಯ ಸಣ್ಣಕರುಳಿನ ತುಂಡಿಗೆ ಹೋಗುವ ನರಗಳನ್ನೆಲ್ಲ ಕಡಿದು, ಒಳಗೆ ಆಸಿಡ್ ಹಾಕಿದರು. ನರವೇ ಇಲ್ಲದಿದ್ದರೂ ಮೇದೋಜೀರಕ ಗ್ರಂಥಿಯಿಂದ ರಸ ಹರಿಯಿತು. ಆಮೇಲೆ ಕರುಳಿನ ಒಳಪೊರೆಯನ್ನು ಕೆರೆದು, ಆಸಿಡ್‌ನಲ್ಲಿ ಅರೆದು, ಸೋಸಿ ರಕ್ತನಾಳಕ್ಕೆ ಚುಚ್ಚಿದರು. ಆಗಲೂ ರಸ ಬಂತು! ಸುದ್ದಿ ರಕ್ತದಲ್ಲಿ ಹೋಗುತ್ತಿತ್ತು. ಆ ವಸ್ತುವಿಗೆ ಸೆಕ್ರೆಟಿನ್ ಅಂತ ಹೆಸರಿಟ್ಟರು. ಇಂಥ ರಾಸಾಯನಿಕಗಳನ್ನು ಸ್ಟಾರ್ಲಿಂಗ್ ಹಾರ್ಮೋನು ಅಂತ ಕರೆದದ್ದು 1905ರಲ್ಲಿ.

ನರದ ಸುದ್ದಿ ಸೆಕೆಂಡುಗಳಲ್ಲಿ ಮುಟ್ಟುತ್ತದೆ. ಹಾರ್ಮೋನಿಗೆ ನಿಮಿಷಗಳು ಬೇಕು, ಅದರ ಪರಿಣಾಮವೂ ಹೆಚ್ಚು ಹೊತ್ತು ಉಳಿಯುತ್ತದೆ. ಗಡಿಯಾರ ನಮಗೆ ಉಪಯೋಗಕ್ಕೆ ಬರುವುದು ಇದಕ್ಕೇ.

ಒಂದು ವಾರ ಬರೆದಿಡಿ

ಊಟ ಶುರು ಮಾಡಿದ ಹೊತ್ತು, ತೊಂದರೆ ಶುರುವಾದ ಹೊತ್ತು, ಅದು ಎಷ್ಟು ಹೊತ್ತು ಇತ್ತು, ತಿಂದದ್ದು ಗಟ್ಟಿಯೋ ನೀರೋ, ಎಣ್ಣೆ ಜಾಸ್ತಿಯೋ. ಜೊತೆಗೆ ಆ ದಿನ ನುಂಗಿದ ಎಲ್ಲ ಮಾತ್ರೆಗಳು. ಇಷ್ಟೇ ಸಾಕು. ‘ಊಟವಾದ ಮೇಲೆ’ ಅಂತ ಬರೆದರೆ ಪ್ರಯೋಜನವಿಲ್ಲ. ಊಟವಾಗಿ ಹತ್ತು ನಿಮಿಷವೋ, ಮೂರು ಗಂಟೆಯೋ ಅಂತ ಬೇಕು.

ಮೊದಲ ತುತ್ತುಗಳಲ್ಲೇ

ನುಂಗಿದ್ದು ಎದೆಯಲ್ಲೇ ನಿಂತಂತಾಗುತ್ತದೆಯೇ? ಹಾಗಿದ್ದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಗಟ್ಟಿ ಮಾತ್ರ ನಿಲ್ಲುತ್ತದೆಯೋ, ನೀರೂ ನಿಲ್ಲುತ್ತದೆಯೋ? ಮೊದಲು ಚಪಾತಿ, ಆಮೇಲೆ ಮೆತ್ತಗಿನ ಅನ್ನ, ಆಮೇಲೆ ಗಂಜಿ ಹೀಗೆ ಕ್ರಮವಾಗಿ ಕಷ್ಟವಾಗುತ್ತಾ ಬಂದರೆ ದಾರಿಯೇ ಕಿರಿದಾಗುತ್ತಿದೆ ಅಂತ ಅರ್ಥ. ಅದಕ್ಕೆ ತಡ ಮಾಡದೆ ಎಂಡೋಸ್ಕೋಪಿ ಮಾಡಿಸಬೇಕು. ಗಟ್ಟಿ, ನೀರು ಎರಡೂ ಮೊದಲಿನಿಂದಲೇ ನಿಲ್ಲುತ್ತಿದ್ದರೆ ನರದ ಮೇಲೆ ಅನುಮಾನ. ಅನ್ನನಾಳದ ಕೆಳತುದಿಯ ಬಿಗಿಯನ್ನು ಸಡಿಲಿಸುವ ನರಕೋಶಗಳು ನಾಶವಾದಾಗ ಹೀಗಾಗುತ್ತದೆ. ಅದಕ್ಕೆ ಅಕಲೇಶಿಯಾ ಅನ್ನುತ್ತಾರೆ. ಮೂಗಿನ ಮೂಲಕ ತೆಳು ಕೊಳವೆ ಇಳಿಸಿ ಒತ್ತಡ ಅಳೆಯುವ ಮ್ಯಾನೊಮೆಟ್ರಿಯಲ್ಲಿ ಇದು ಖಚಿತವಾಗುತ್ತದೆ.

ನಾಲ್ಕು ತುತ್ತಿಗೇ ಹೊಟ್ಟೆ ತುಂಬಿಬಿಟ್ಟರೆ ವಿಷಯ ಬೇರೆ. ನಾವು ನುಂಗುತ್ತಿದ್ದಂತೆ ವೇಗಸ್ ನರ ಜಠರದ ಮೇಲ್ಭಾಗವನ್ನು ಸಡಿಲಗೊಳಿಸಿ ಜಾಗ ಮಾಡಿಕೊಡಬೇಕು. ಅದು ಆಗದಿದ್ದರೆ ಸ್ವಲ್ಪ ತಿಂದರೂ ಒತ್ತಡ. ಎಂಡೋಸ್ಕೋಪಿ ನಾರ್ಮಲ್ ಇರುವ ಅಜೀರ್ಣದಲ್ಲಿ ಇದು ಸಾಮಾನ್ಯ. ಇಲ್ಲಿ ಆಸಿಡ್ ಮಾತ್ರೆ ನುಂಗಿದರೆ ಜಾಗ ಹುಟ್ಟುವುದಿಲ್ಲ, ಅಲ್ವಾ? ಸ್ವಲ್ಪ ಸ್ವಲ್ಪ, ನಿಧಾನವಾಗಿ ತಿನ್ನುವುದೇ ಮೊದಲ ಉಪಾಯ.

ಎಲೆ ಎತ್ತುವ ಮೊದಲೇ ಟಾಯ್ಲೆಟ್

‘ತಿಂದದ್ದು ಹಾಗೇ ಹೊರಗೆ ಹೋಗುತ್ತೆ’ ಅಂತ ಹೇಳುವವರಿದ್ದಾರೆ. ಹಾಗಲ್ಲ. ಹೋಗುವುದು ನಿನ್ನೆ, ಮೊನ್ನೆ ತಿಂದದ್ದು. ಜಠರ ಹಿಗ್ಗಿದ ತಕ್ಷಣ ನರಗಳ ಮೂಲಕ ದೊಡ್ಡಕರುಳಿಗೆ ‘ಜಾಗ ಮಾಡು’ ಅಂತ ಸುದ್ದಿ ಹೋಗುತ್ತದೆ. ಇದು ಎಲ್ಲರಲ್ಲೂ ಇರುವ ಪ್ರತಿಕ್ರಿಯೆ. ಬೆಳಗಿನ ಹೊತ್ತು ಜೋರಾಗಿರುತ್ತದೆ. ಕಾಫಿ ಕುಡಿದರೇನೇ ಹೊಟ್ಟೆ ಕೆಲಸ ಮಾಡುತ್ತದೆ ಅನ್ನುವವರ ಮಾತೂ ಸುಳ್ಳಲ್ಲ. ಕೆಲವರಲ್ಲಿ ಕಾಫಿ ಕುಡಿದ ಕೆಲವೇ ನಿಮಿಷಗಳಲ್ಲಿ ದೊಡ್ಡಕರುಳಿನ ಚಲನೆ ಹೆಚ್ಚಾಗುತ್ತದೆ.

ಐಬಿಎಸ್ (ಪರೀಕ್ಷೆಗಳಲ್ಲಿ ಏನೂ ಸಿಗದೆ ಹೊಟ್ಟೆನೋವು, ಬೇಧಿ ಅಥವಾ ಮಲಬದ್ಧತೆ ಮತ್ತೆ ಮತ್ತೆ ಬರುವ ತೊಂದರೆ) ಇರುವವರಲ್ಲಿ ಈ ಪ್ರತಿಕ್ರಿಯೆ ಅತಿಯಾಗಿರುತ್ತದೆ. ಜೊತೆಗೆ ಹೊಟ್ಟೆನೋವು, ಟಾಯ್ಲೆಟ್‌ಗೆ ಹೋಗಿ ಬಂದ ಮೇಲೆ ನೋವಿನಲ್ಲಿ ವ್ಯತ್ಯಾಸ. ವಾರಕ್ಕೆ ಒಂದು ದಿನವಾದರೂ ಹೀಗಾಗುತ್ತಾ ಮೂರು ತಿಂಗಳು ಕಳೆದಿದ್ದರೆ ಡಾಕ್ಟರ್ ಆ ದಿಕ್ಕಿನಲ್ಲಿ ಯೋಚಿಸುತ್ತಾರೆ. ಒಂದೇ ಸಲ ಹೊಟ್ಟೆ ತುಂಬ ತಿನ್ನುವುದು, ಎಣ್ಣೆ, ಕಾಫಿ ಈ ಮೂರನ್ನು ಒಂದೊಂದಾಗಿ ಕಡಿಮೆ ಮಾಡಿ ನೋಡಿ. ಮೂರನ್ನೂ ಒಟ್ಟಿಗೆ ಬಿಟ್ಟರೆ ಯಾವುದು ಕಾರಣ ಅಂತ ಗೊತ್ತಾಗುವುದಿಲ್ಲ.

ಮಲಬದ್ಧತೆ ಇರುವವರು ಇದೇ ಪ್ರತಿಕ್ರಿಯೆಯನ್ನು ಉಪಯೋಗಿಸಿಕೊಳ್ಳಬಹುದು. ತಿಂಡಿಯಾದ ಮೇಲೆ ಅರ್ಧ ಗಂಟೆಯೊಳಗೆ, ದಿನವೂ ಅದೇ ಹೊತ್ತಿಗೆ, ಅವಸರವಿಲ್ಲದೆ ಟಾಯ್ಲೆಟ್‌ನಲ್ಲಿ ಕೂರಬೇಕು. ಸ್ಕೂಲ್ ಬಸ್ಸಿಗೆ ಓಡುವ ಮಕ್ಕಳು, ಹೊರಗೆ ಟಾಯ್ಲೆಟ್ ಇಲ್ಲದ ಜಾಗದಲ್ಲಿ ದುಡಿಯುವ ಹೆಂಗಸರು ಈ ಕರೆಯನ್ನು ದಿನವೂ ತಡೆಯುತ್ತಾರೆ. ತಡೆದು ತಡೆದು ಆ ಸಂವೇದನೆಯೇ ಮಂಕಾಗುತ್ತದೆ. ಅಂಥವರಿಗೆ ಇಸಬಗೋಲು ಕೊಟ್ಟರೆ ಅರ್ಧ ಕೆಲಸ ಮಾತ್ರ. ಕೂರಲು ಹೊತ್ತು ಸಿಗಬೇಕು.

ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ, ಅದೂ ಎಣ್ಣೆ ತಿಂದಾಗ

ಜಿಡ್ಡು ಸಣ್ಣಕರುಳಿನ ಮೊದಲ ಭಾಗಕ್ಕೆ ಇಳಿದಾಗ ಕೊಲೆಸಿಸ್ಟೊಕೈನಿನ್ ಎಂಬ ಹಾರ್ಮೋನು ಬಿಡುಗಡೆಯಾಗುತ್ತದೆ. ಅದನ್ನು ಸಿಸಿಕೆ ಅನ್ನೋಣ. ಅದು ಪಿತ್ತಕೋಶವನ್ನು ಹಿಂಡುತ್ತದೆ, ಮೇದೋಜೀರಕದಿಂದ ಕಿಣ್ವ ತರಿಸುತ್ತದೆ, ಜಠರಕ್ಕೆ ‘ನಿಧಾನ’ ಅನ್ನುತ್ತದೆ. ಹೋಳಿಗೆಗೆ ತುಪ್ಪ ಜಾಸ್ತಿ ಸುರಿದುಕೊಂಡ ದಿನ ಸಂಜೆಯವರೆಗೂ ಹೊಟ್ಟೆ ಭಾರ ಇರುವುದು ದೋಷವಲ್ಲ, ಸಿಸಿಕೆ ತನ್ನ ಕೆಲಸ ಮಾಡುತ್ತಿದೆ.

ದೋಷ ಯಾವಾಗ? ಪಿತ್ತಕೋಶದಲ್ಲಿ ಕಲ್ಲಿದ್ದು, ಹಿಂಡಿದಾಗ ಅದು ಬಾಯಿಗೆ ಅಡ್ಡ ಬಂದರೆ. ಆಗ ಬಲ ಪಕ್ಕೆಯ ಕೆಳಗೋ ಹೊಟ್ಟೆಯ ಮೇಲ್ಭಾಗದ ಮಧ್ಯೆಯೋ ನೋವು ಏರಿ, ಅರ್ಧ ಗಂಟೆಗೂ ಹೆಚ್ಚು ಒಂದೇ ಸಮನೆ ನಿಲ್ಲುತ್ತದೆ. ಬಲ ಹೆಗಲಿನ ಹಿಂದಕ್ಕೂ ಹರಡಬಹುದು. ತೇಗು ಬಂದರೆ, ಗಾಳಿ ಹೋದರೆ ಇದು ಕಡಿಮೆಯಾಗುವುದಿಲ್ಲ. ಗ್ಯಾಸ್‌ಗೂ ಇದಕ್ಕೂ ವ್ಯತ್ಯಾಸ ತಿಳಿಯುವುದು ಇದರಿಂದಲೇ. ಅಲ್ಟ್ರಾಸೌಂಡ್ ಮಾಡಿಸಿದರೆ ಕಲ್ಲು ಕಾಣುತ್ತದೆ. ಜ್ವರ, ಕಾಮಾಲೆ ಸೇರಿಕೊಂಡರೆ ಅದೇ ದಿನ ಆಸ್ಪತ್ರೆಗೆ.

ತೂಕ ಇಳಿಸಲು ಎಣ್ಣೆಯನ್ನು ಪೂರ್ತಿ ಬಿಟ್ಟು ದಿನಗಟ್ಟಲೆ ಅರೆಹೊಟ್ಟೆ ಇರುವವರಿಗೆ ಒಂದು ಮಾತು. ಜಿಡ್ಡಿಲ್ಲದಿದ್ದರೆ ಸಿಸಿಕೆ ಸಾಕಷ್ಟು ಬರುವುದಿಲ್ಲ, ಪಿತ್ತಕೋಶ ಸರಿಯಾಗಿ ಹಿಂಡುವುದಿಲ್ಲ, ಪಿತ್ತ ಅಲ್ಲೇ ಮಂದವಾಗುತ್ತದೆ. ತೂಕ ಬೇಗ ಇಳಿದವರಲ್ಲಿ ಪಿತ್ತದ ಕಲ್ಲು ಹೆಚ್ಚಾಗಿ ಕಾಣಲು ಇದೂ ಒಂದು ಕಾರಣ.

ಮೂರ್ನಾಲ್ಕು ಗಂಟೆಯಾದರೂ ಇಳಿಯದ ಊಟ

ಮಧ್ಯಾಹ್ನ ಉಂಡದ್ದು ರಾತ್ರಿ ವಾಂತಿಯಲ್ಲಿ ಬರುವುದು, ಸಂಜೆಯಾದರೂ ಮಧ್ಯಾಹ್ನದ ಸಾರಿನ ತೇಗು. ಹೀಗಿದ್ದರೆ ಜಠರ ಖಾಲಿಯಾಗುವುದು ತಡವಾಗುತ್ತಿದೆ. ಇಲ್ಲೂ ಗಟ್ಟಿ, ನೀರಿನ ಪ್ರಶ್ನೆ ಕೇಳಿ. ನೀರು ಇಳಿಯಲು ಜಠರದ ಮೇಲ್ಭಾಗದ ಒತ್ತಡ ಸಾಕು. ಗಟ್ಟಿ ಪದಾರ್ಥವನ್ನು ಕೆಳಭಾಗ ಅರೆದು, 1–2 ಮಿಲಿಮೀಟರಿನ ಚೂರು ಮಾಡಿದ ಮೇಲೆಯೇ ಮುಂದೆ ಬಿಡುವುದು. ಆ ಅರೆತವನ್ನು ನಡೆಸುವುದು ವೇಗಸ್ ಮತ್ತು ಗೋಡೆಯ ನರಗಳು. ಅವು ಸೋತಾಗ ಗಂಜಿ ಇಳಿಯುತ್ತದೆ, ಮುದ್ದೆ ನಿಲ್ಲುತ್ತದೆ. ಗಂಜಿಯೂ ಇಳಿಯದೆ ಪದೇ ಪದೇ ವಾಂತಿಯಾದರೆ ದಾರಿಯಲ್ಲಿ ತಡೆ ಇದೆಯೇ ಅಂತ ಮೊದಲು ನೋಡಬೇಕು.

ಯಾರಿಗೆ ಹೀಗಾಗುತ್ತದೆ? ಬಹಳ ವರ್ಷದಿಂದ ಶುಗರ್ ಇರುವವರಿಗೆ. ಕಾಲುರಿ, ಜೋಮು ತರುವ ನರಗಳ ಹಾನಿ ಹೊಟ್ಟೆಯ ನರಗಳನ್ನೂ ಬಿಡುವುದಿಲ್ಲ. ಇವರಲ್ಲಿ ಶುಗರ್ ರೀಡಿಂಗೇ ಸುಳಿವು ಕೊಡುತ್ತದೆ. ಊಟಕ್ಕೆ ಮುಂಚೆ ಇನ್ಸುಲಿನ್ ತೆಗೆದುಕೊಂಡವರಿಗೆ ಊಟವಾಗಿ ಒಂದು ಗಂಟೆಗೆ ಶುಗರ್ ಇಳಿದು ನಡುಕ ಬರುತ್ತದೆ. ನಾಲ್ಕು ಗಂಟೆಯ ಹೊತ್ತಿಗೆ ಸಿಕ್ಕಾಪಟ್ಟೆ ಏರಿರುತ್ತದೆ. ಇನ್ಸುಲಿನ್ ಸಮಯಕ್ಕೆ ಬಂತು, ಊಟ ಬರಲಿಲ್ಲ. ಮನೆಯವರು ‘ಕದ್ದು ಸಿಹಿ ತಿಂದಿದ್ದೀರಿ’ ಅಂತ ಬೈಯುತ್ತಾರೆ, ಪಾಪ. ಶುಗರ್ ತುಂಬ ಏರಿದ್ದಾಗ ಅದೇ ಜಠರವನ್ನು ನಿಧಾನ ಮಾಡುತ್ತದೆ ಅನ್ನುವುದೂ ನೆನಪಿರಲಿ. ಒಂದು ಇನ್ನೊಂದನ್ನು ಕೆಡಿಸುತ್ತಾ ಹೋಗುತ್ತದೆ. ಡೋಸ್ ಅನ್ನೋ ಹೊತ್ತನ್ನೋ ನೀವೇ ಬದಲಿಸಬೇಡಿ. ಈ ರೀಡಿಂಗ್‌ಗಳನ್ನು ಡಾಕ್ಟರ್ ಮುಂದೆ ಇಡಿ.

ಇನ್ನೊಂದು ಹೊಸ ಕಾರಣ ಬಂದಿದೆ. ಶುಗರ್‌ಗೆ, ತೂಕ ಇಳಿಸಲು ಕೊಡುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್‌ನಂಥ ಇಂಜೆಕ್ಷನ್‌ಗಳು ಜಿಎಲ್‌ಪಿ-1 ಎಂಬ ಕರುಳಿನ ಹಾರ್ಮೋನನ್ನು ಅನುಕರಿಸುತ್ತವೆ. ಜಠರ ನಿಧಾನವಾಗುವುದು ಅವುಗಳ ಕೆಲಸದ ಒಂದು ಭಾಗವೇ. ವಾಕರಿಕೆ ಬಂದರೆ ಮೊದಲು ಆ ಔಷಧಿ ಯಾವಾಗ ಶುರುವಾಯಿತು, ಡೋಸ್ ಯಾವಾಗ ಏರಿತು ಅಂತ ನೋಡಿ. ಆಪರೇಷನ್ ಇದ್ದರೆ ಅರಿವಳಿಕೆ ಡಾಕ್ಟರಿಗೆ ಇದನ್ನು ಹೇಳಲೇಬೇಕು. ರಾತ್ರಿಯಿಡೀ ಉಪವಾಸ ಇದ್ದರೂ ಹೊಟ್ಟೆ ಖಾಲಿಯಾಗಿರದೆ ಹೋಗಬಹುದು.

ಜಠರ ನಿಧಾನವಾದಾಗ ಊಟದ ಸಲಹೆ ಉಲ್ಟಾ ಆಗುತ್ತದೆ. ನಾರು ಜಾಸ್ತಿ ತಿನ್ನಿ ಅಂತ ಎಲ್ಲರಿಗೂ ಹೇಳುವ ಮಾತು ಇವರಿಗೆ ಸಲ್ಲದು. ನಾರು, ಜಿಡ್ಡು ಕಡಿಮೆ, ಮೆತ್ತಗೆ ಬೇಯಿಸಿದ್ದು, ಸ್ವಲ್ಪ ಸ್ವಲ್ಪ, ಹೆಚ್ಚು ಸಲ. ಮಾತ್ರೆಗಳ ವಿಷಯದಲ್ಲಿ ಎಚ್ಚರ ಬೇಕು. ಜಠರವನ್ನು ಚುರುಕು ಮಾಡಲು ಕೊಡುವ ಮೆಟೊಕ್ಲೊಪ್ರಮೈಡ್ ಅನ್ನು ತಿಂಗಳುಗಟ್ಟಲೆ ನುಂಗಿದರೆ ಬಾಯಿ, ನಾಲಿಗೆ ತಾನೇ ಆಡುವ ತೊಂದರೆ ಬರಬಹುದು. ಅದೇ ಕೆಲಸಕ್ಕೆ ಕೊಡುವ ಡೊಂಪೆರಿಡೋನ್ ಕೆಲವರಲ್ಲಿ ಹೃದಯದ ಲಯ ಕೆಡಿಸುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ಸುಮ್ನೆ ನುಂಗುವ ಮಾತ್ರೆಗಳಲ್ಲ ಇವು.

ಖಾಲಿ ಹೊಟ್ಟೆಯಲ್ಲಿ, ಬೆಳಗಿನ ಜಾವದಲ್ಲಿ

ಹೊಟ್ಟೆ ಖಾಲಿಯಾದ ಮೇಲೆ 90ರಿಂದ 120 ನಿಮಿಷಕ್ಕೊಮ್ಮೆ ಒಂದು ಅಲೆ ಜಠರದಿಂದ ಸಣ್ಣಕರುಳಿನ ಕೊನೆಯವರೆಗೆ ಗುಡಿಸಿಕೊಂಡು ಹೋಗುತ್ತದೆ. ಮೋಟಿಲಿನ್ ಎಂಬ ಹಾರ್ಮೋನು ಇದನ್ನು ಶುರು ಮಾಡುತ್ತದೆ. ಆ ಗುಡುಗುಡು ಸದ್ದು ದೋಷವಲ್ಲ. ತಿಂದ ತಕ್ಷಣ ಅಲೆ ನಿಲ್ಲುತ್ತದೆ. ಗಂಟೆಗೊಂದು ಬಿಸ್ಕತ್ತು, ಚುರುಮುರಿ ಅಂತ ಬಾಯಾಡಿಸುತ್ತಲೇ ಇದ್ದರೆ ಗುಡಿಸಲು ಪುರುಸೊತ್ತೇ ಇರುವುದಿಲ್ಲ. ಉಬ್ಬರ ಇರುವವರು ಎರಡು ಊಟಗಳ ನಡುವೆ ನಾಲ್ಕು ಗಂಟೆ ಬಿಟ್ಟು ನೋಡಬಹುದು. ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಇದನ್ನು ತಾವೇ ಪ್ರಯೋಗ ಮಾಡಬಾರದು.

ಖಾಲಿ ಹೊಟ್ಟೆಯಲ್ಲಿ ಉರಿನೋವು ಬಂದು, ಏನಾದರೂ ತಿಂದರೆ ಶಮನವಾಗುವುದಾದರೆ ಆಸಿಡ್ ಕಡೆ ನೋಡಿ. ಊಟವಾಗಿ ಎರಡು ಮೂರು ಗಂಟೆಗೆ, ಅಥವಾ ಮಧ್ಯರಾತ್ರಿ ಎಬ್ಬಿಸುವ ಇಂಥ ನೋವು ಸಣ್ಣಕರುಳಿನ ಆರಂಭದ ಹುಣ್ಣಿಗೆ ಹೊಂದುತ್ತದೆ.

ಆಸಿಡ್ ತಯಾರಿಸುವ ಕೋಶಕ್ಕೆ ಮೂರು ಕಡೆಯಿಂದ ಆಜ್ಞೆ: ವೇಗಸ್ ನರದ ಅಸಿಟೈಲ್‌ಕೋಲಿನ್, ಜಠರದ ಗ್ಯಾಸ್ಟ್ರಿನ್ ಹಾರ್ಮೋನು, ಪಕ್ಕದ ಕೋಶಗಳ ಹಿಸ್ಟಮಿನ್. ಆಸಿಡ್ ಸಾಕಷ್ಟಾದಾಗ ಸೊಮಾಟೊಸ್ಟಾಟಿನ್ ಎಂಬ ಇನ್ನೊಂದು ಹಾರ್ಮೋನು ಬಂದು ಗ್ಯಾಸ್ಟ್ರಿನ್ ಅನ್ನು ನಿಲ್ಲಿಸುತ್ತದೆ. ಮನೆಯ ಮೇಲಿನ ಟ್ಯಾಂಕ್ ತುಂಬಿದಾಗ ಪಂಪ್ ಆಫ್ ಮಾಡುವ ಫ್ಲೋಟ್ ಸ್ವಿಚ್‌ನ ಹಾಗೆ. ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಜಠರದ ಕೆಳಭಾಗದಲ್ಲಿ ಸೇರಿಕೊಂಡಾಗ ಈ ಸ್ವಿಚ್ಚೇ ಕೆಡುತ್ತದೆ. ಸೊಮಾಟೊಸ್ಟಾಟಿನ್ ಕಡಿಮೆ, ಗ್ಯಾಸ್ಟ್ರಿನ್ ಜಾಸ್ತಿ, ಆಸಿಡ್ ಜಾಸ್ತಿ, ಹುಣ್ಣು. ಈ ಬ್ಯಾಕ್ಟೀರಿಯಾ ಕಂಡುಹಿಡಿದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಅವರಿಗೆ 2005ರ ನೊಬೆಲ್ ಬಂತು. ಉಸಿರಿನ ಅಥವಾ ಮಲದ ಪರೀಕ್ಷೆಯಿಂದ ಇದು ತಿಳಿಯುತ್ತದೆ. ಆದರೆ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಆಸಿಡ್ ಮಾತ್ರೆಗಳನ್ನು ಎರಡು ವಾರ ಮುಂಚೆ ನಿಲ್ಲಿಸದಿದ್ದರೆ ಸೋಂಕು ಇದ್ದರೂ ಇಲ್ಲ ಅಂತ ಬರಬಹುದು. ಡಾಕ್ಟರ್ ಹೇಳದಿದ್ದರೆ ನೀವೇ ಕೇಳಿ.

ಆ ಮಾತ್ರೆಗಳದ್ದೇ ಒಂದು ದೋಷವಿದೆ. ಅವು ಆಸಿಡ್ ಪಂಪನ್ನು ಮುಚ್ಚುತ್ತವೆ. ಆಸಿಡ್ ಕಾಣದೆ ಗ್ಯಾಸ್ಟ್ರಿನ್ ಏರುತ್ತಲೇ ಹೋಗುತ್ತದೆ. ತಿಂಗಳುಗಟ್ಟಲೆ ನುಂಗಿ ಒಂದು ದಿನ ತಟ್ಟನೆ ಬಿಟ್ಟರೆ, ಏರಿದ ಗ್ಯಾಸ್ಟ್ರಿನ್ ಮೊದಲಿಗಿಂತ ಜಾಸ್ತಿ ಆಸಿಡ್ ಸುರಿಸುತ್ತದೆ. 2009ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನದಲ್ಲಿ, ಹೊಟ್ಟೆ ತೊಂದರೆಯೇ ಇಲ್ಲದವರಿಗೆ ಎಂಟು ವಾರ ಇಂಥ ಮಾತ್ರೆ ಕೊಟ್ಟು ನಿಲ್ಲಿಸಿದರು. ನಂತರದ ವಾರಗಳಲ್ಲಿ ಅವರಲ್ಲಿ ಶೇ 44 ಜನಕ್ಕೆ ಎದೆಯುರಿ, ಹುಳಿತೇಗಿನಂಥ ತೊಂದರೆ ಬಂತು. ಔಷಧಿಯಿಲ್ಲದ ಮಾತ್ರೆ ನುಂಗಿದ್ದವರಲ್ಲಿ ಶೇ 15 ಜನಕ್ಕೆ ಮಾತ್ರ. ‘ಮಾತ್ರೆ ಬಿಟ್ಟರೆ ಮತ್ತೆ ಬರುತ್ತೆ, ಹಾಗಾಗಿ ಜೀವನಪೂರ್ತಿ ಬೇಕು’ ಅನ್ನುವ ತೀರ್ಮಾನ ಎಷ್ಟೋ ಜನರದ್ದು ಇಲ್ಲಿಂದಲೇ ಹುಟ್ಟಿದೆ ಅಂತ ನನ್ನ ಅನಿಸಿಕೆ. ಡಾಕ್ಟರನ್ನು ಕೇಳಿ ಹಂತ ಹಂತವಾಗಿ ಇಳಿಸಿ. ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಹಿಂದೆ ಹುಣ್ಣಿನಿಂದ ರಕ್ತಸ್ರಾವ ಆದವರು ತಾವಾಗಿಯೇ ನಿಲ್ಲಿಸಬಾರದು.

ಗಡಿಯಾರಕ್ಕೆ ಸಿಗದ ತೊಂದರೆಗಳು

ಊಟದ ಹೊತ್ತಿಗೂ ತೊಂದರೆಗೂ ಸಂಬಂಧವೇ ಕಾಣದಿದ್ದರೆ ಹೊಟ್ಟೆಯ ಹೊರಗೆ ನೋಡಿ. ಥೈರಾಯ್ಡ್ ಕಡಿಮೆಯಾದರೆ ಮಲಬದ್ಧತೆ, ಜಾಸ್ತಿಯಾದರೆ ಪದೇ ಪದೇ ಮಲ. ಒಂದು ಟಿಎಸ್‌ಎಚ್ ಪರೀಕ್ಷೆ ಸಾಕು. ಮುಟ್ಟಿನ ದಿನಗಳಲ್ಲಿ ಮಲ ಸಡಿಲವಾಗುವುದು, ಬಸಿರಿನಲ್ಲಿ ಕರುಳು ನಿಧಾನವಾಗುವುದು ಸಹಜ.

ಆಮೇಲೆ ಮಾತ್ರೆಗಳ ಪಟ್ಟಿ. ನೋವಿಗೆ ಕೊಡುವ ಟ್ರಮಡಾಲ್ ಮಾತ್ರೆ, ಕೋಡೀನ್ ಇರುವ ಕೆಮ್ಮಿನ ಸಿರಪ್ ಕರುಳಿನ ನರಗಳನ್ನು ಮಂಕು ಮಾಡುತ್ತವೆ. ಬೇಧಿ ನಿಲ್ಲಿಸಲು ಕೊಡುವ ಲೊಪೆರಮೈಡ್ ಕೆಲಸ ಮಾಡುವುದೂ ಇದೇ ದಾರಿಯಲ್ಲಿ. ವಾಂತಿಗೆ ಕೊಡುವ ಒಂಡನ್ಸೆಟ್ರಾನ್ ಕರುಳಿನ ಸಿರೊಟೊನಿನ್ ಸಂಕೇತವನ್ನು ತಡೆದು ಮಲ ಗಟ್ಟಿ ಮಾಡುತ್ತದೆ. ದೇಹದ ಸಿರೊಟೊನಿನ್‌ನಲ್ಲಿ ಶೇ 90ಕ್ಕೂ ಹೆಚ್ಚು ಇರುವುದು ಕರುಳಿನಲ್ಲೇ. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಶುರುವಿನಲ್ಲಿ ಬೇಧಿ ಮಾಡಿಸಬಹುದು. ತೊಂದರೆ ಶುರುವಾದ ತಾರೀಖು, ಮಾತ್ರೆ ಶುರುವಾದ ತಾರೀಖು ಪಕ್ಕಪಕ್ಕ ಬರೆದು ನೋಡಿ.

ಐಬಿಎಸ್‌ಗೆ ಡಾಕ್ಟರ್, ಖಿನ್ನತೆಗೂ ಕೊಡುವ ಅಮಿಟ್ರಿಪ್ಟಿಲಿನ್ ಅನ್ನು ಕಡಿಮೆ ಡೋಸ್‌ನಲ್ಲಿ ಬರೆದಾಗ ಕೆಲವರು ಬೇಜಾರಾಗುತ್ತಾರೆ. ‘ನನಗೇನು ಹುಚ್ಚಾ?’ ಅಂತ. ಈ ಡೋಸ್‌ನಲ್ಲಿ ಅದನ್ನು ಕೊಡುವುದು ಕರುಳಿನಿಂದ ಮೆದುಳಿಗೆ ಹೋಗುವ ನೋವಿನ ಸುದ್ದಿಯನ್ನು ತಗ್ಗಿಸಲು, ಕರುಳಿನ ಓಟವನ್ನು ನಿಧಾನ ಮಾಡಲು. ಹಾಗಾಗಿ ಬೇಧಿ ಜಾಸ್ತಿ ಇರುವವರಿಗೆ ಹೊಂದುತ್ತದೆ. ಮಲಬದ್ಧತೆ ಇರುವವರಿಗೆ ಅದೇ ತೊಂದರೆ ಕೊಡಬಹುದು.

ಜಠರ ಖಾಲಿಯಾಗುವ ಪರೀಕ್ಷೆ ಬರೆದರೆ

ಅತಿ ಕಡಿಮೆ ವಿಕಿರಣ ಇರುವ ಟೆಕ್ನೀಷಿಯಂ ಬೆರೆಸಿದ ತಿಂಡಿ ಕೊಟ್ಟು, ನಾಲ್ಕು ಗಂಟೆಯವರೆಗೆ ಆಗಾಗ ಚಿತ್ರ ತೆಗೆಯುತ್ತಾರೆ. ಮೂಲ ವಿಧಾನದಲ್ಲಿ ಮೊಟ್ಟೆ, ಬ್ರೆಡ್ಡು. ನಮ್ಮ ದೇಶದಲ್ಲಿ ಇಡ್ಲಿ ಕೊಟ್ಟು ಮಾಡುವುದೂ ಉಂಟು. ಮೊಟ್ಟೆಯ ವಿಧಾನದಲ್ಲಿ ನಾಲ್ಕು ಗಂಟೆಗೆ ಶೇ 10ಕ್ಕಿಂತ ಹೆಚ್ಚು ಉಳಿದಿದ್ದರೆ ತಡ ಅಂತ ಲೆಕ್ಕ. ತಿಂಡಿ ಬದಲಾದರೆ ಈ ಲೆಕ್ಕವೂ ಬದಲಾಗುತ್ತದೆ. ಹಾಗಾಗಿ ರಿಪೋರ್ಟಿನಲ್ಲಿ ಏನು ತಿನ್ನಿಸಿದರು, ಎಷ್ಟು ಗಂಟೆ ನೋಡಿದರು ಅಂತ ಓದಿ. ಎರಡೇ ಗಂಟೆಗೆ ಮುಗಿಸಿದ ಪರೀಕ್ಷೆಯಲ್ಲಿ ದೋಷ ತಪ್ಪಿಹೋಗಬಹುದು. ಜಠರವನ್ನು ಚುರುಕು ಮಾಡುವ ಅಥವಾ ನಿಧಾನ ಮಾಡುವ ಮಾತ್ರೆಗಳನ್ನು ಎರಡು ಮೂರು ದಿನ ಮುಂಚೆ ನಿಲ್ಲಿಸಲು ಹೇಳುತ್ತಾರೆ. ಆ ದಿನ ಬೆಳಿಗ್ಗೆ ಶುಗರ್ ತುಂಬ ಏರಿದ್ದರೆ ಪರೀಕ್ಷೆಯನ್ನು ಮುಂದಕ್ಕೆ ಹಾಕಿಸಿಕೊಳ್ಳಿ.